ಪಾರ್ಕಿನಲ್ಲಿ ನನ್ನ ಮಕ್ಕಳಿಗೆ ನಾನು ಆಡಿಸುವ ಆಟಗಳು

ನನ್ನ ಮಗಳಿಗೆ ಈಗ ಮೂರೂವರೆ ವರ್ಷ, ಮಗನಿಗೆ ಆರು. ಜಾರುಬಂಡೆ, ಜೋಕಾಲಿ ಅವರಿಗೆ ತುಂಬಾ ಇಷ್ಟ. ಆದರೆ ಸ್ವಲ್ಪ ಹೊತ್ತಾದ ಮೇಲೆ "ಈಗೇನ್ ಮಾಡೋದಮ್ಮಾ?" ಅಂತ ಶುರುವಾಗುತ್ತದೆ. ನಿಜ ಹೇಳಬೇಕೆಂದರೆ, ನನಗೆ ಪಾರ್ಕಿನಲ್ಲಿ ಅತಿ ಖುಷಿ ಕೊಡುವುದು ಅಲ್ಲಿಂದಾಚೆಗಿನ ಹೊತ್ತೇ.

ಅದಕ್ಕಾಗಿ ಒಂದು ಚಿಕ್ಕ ಬಟ್ಟೆ ಚೀಲ ಸದಾ ರೆಡಿ ಇರುತ್ತದೆ. ಅದರಲ್ಲಿ ಕೆಲವು ತೆಳುವಾದ ಬಿಳಿ ಹಾಳೆ, ಗಟ್ಟಿ ರಟ್ಟು, ಎರಡು ಮೂರು ಕ್ರೇಯಾನ್, ಸೀಮೆಸುಣ್ಣ, ಒಂದು ಬ್ರಷ್, ಚಿಟಿಕೆ ಸಕ್ಕರೆ. ಆಟಿಕೆಗಳನ್ನು ನಾನು ಒಯ್ಯುವುದಿಲ್ಲ. ಆಟಿಕೆ ಇದ್ದರೆ ಅದು ಯಾರದ್ದು ಅನ್ನೋ ಜಗಳದಲ್ಲೇ ಅರ್ಧ ಹೊತ್ತು ಹೋಗುತ್ತದೆ.

ನಮ್ಮ ಮನೆಯಲ್ಲಿ ಎಲ್ಲರಿಗೂ ಅಚ್ಚುಮೆಚ್ಚು ಅಂದರೆ ಎಲೆಯ ಅಚ್ಚು. ಮೊದಲು ಮಕ್ಕಳೇ ನೆಲದ ಮೇಲೆ ಬಿದ್ದ ಎಲೆ ಹುಡುಕಿ ತರಬೇಕು, ಗಿಡದಿಂದ ಕೀಳುವಂತಿಲ್ಲ. ತೀರಾ ಒಣಗಿದ ಎಲೆ ಕೈಯಲ್ಲೇ ಪುಡಿಯಾಗುತ್ತದೆ, ಒದ್ದೆ ಎಲೆ ಹಾಳೆಯನ್ನು ಹರಿಯುತ್ತದೆ. ಇನ್ನೂ ಸ್ವಲ್ಪ ಬಾಗುವಂಥ ಎಲೆ ಸರಿ. ಅದನ್ನು ರಟ್ಟಿನ ಮೇಲೆ ಮಗುಚಿ ಇಡಬೇಕು, ಯಾಕಂದರೆ ನರಗಳು ಉಬ್ಬಿರುವುದು ಹಿಂಬದಿಯಲ್ಲಿ. ಮೇಲೆ ಹಾಳೆ ಹೊದಿಸಿ, ಕ್ರೇಯಾನಿನ ಕಾಗದ ಸುಲಿದು, ಅದನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಬೇಕು. ತುದಿಯಿಂದ ಗೀಚಿದರೆ ಬರೀ ಗೆರೆ ಬರುತ್ತದೆ, ಎಲೆ ಬರುವುದಿಲ್ಲ. ಮಗಳ ಕೈ ಚಿಕ್ಕದು, ಹಾಳೆ ಜಾರುತ್ತದೆ. ಹಾಗಾಗಿ ಹಾಳೆ ಹಿಡಿಯುವುದು ನನ್ನ ಕೆಲಸ, ಉಜ್ಜುವುದು ಅವಳ ಕೆಲಸ. ಮೊದಲು ನಡುವಿನ ದಪ್ಪ ನರ, ಆಮೇಲೆ ಅಕ್ಕಪಕ್ಕದ ಸಣ್ಣ ನರಗಳು, ಕೊನೆಗೆ ಎಲೆಯ ಅಂಚು ಒಂದೊಂದಾಗಿ ಮೂಡುತ್ತಾ ಬರುವಾಗ ಅವಳ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮಗ ಈಗ ಮರದ ತೊಗಟೆಯ ಮೇಲೂ ಹಾಳೆ ಒತ್ತಿ ಉಜ್ಜುತ್ತಾನೆ. ಎರಡು ಮರಗಳ ತೊಗಟೆ ಒಂದೇ ಥರ ಇರಲ್ಲ ಅನ್ನೋದನ್ನು ಅವನಿಗೆ ನಾನು ಹೇಳಿಕೊಡಲಿಲ್ಲ, ಹಾಳೆ ನೋಡಿ ಅವನೇ ನನಗೆ ಹೇಳಿದ.

ಇನ್ನೊಂದು, ಇರುವೆ ನೋಡುವುದು. ಕಚ್ಚುವ ಜಾತಿಯಲ್ಲ ಅಂತ ಖಾತ್ರಿ ಮಾಡಿಕೊಂಡು, ಜನ ಓಡಾಡದ ಒಂದು ಮೂಲೆಯಲ್ಲಿ ಚಿಟಿಕೆ ಸಕ್ಕರೆ ಹಾಕಿ ಕುಕ್ಕರುಗಾಲಲ್ಲಿ ಕೂರುತ್ತೇವೆ. ಮೊದಲು ಒಂದು ಇರುವೆ ಬರುತ್ತದೆ, ಮೀಸೆಯಿಂದ ತಡವಿ ನೋಡುತ್ತದೆ, ಹಿಂದಿರುಗುತ್ತದೆ. ಎಷ್ಟೋ ಜಾತಿಯ ಇರುವೆಗಳು ಹೋಗುವಾಗ ದಾರಿಯುದ್ದಕ್ಕೂ ವಾಸನೆಯ ಗುರುತು ಬಿಟ್ಟು ಹೋಗುತ್ತವೆ. ಉಳಿದವು ಅದನ್ನೇ ಹಿಡಿದು ಸಾಲಾಗಿ ಬರುತ್ತವೆ. ಸಾಲು ಗಟ್ಟಿಯಾದ ಮೇಲೆ ಇರುವೆಗಳ ನಡುವೆ ಜಾಗ ನೋಡಿ ನಾನು ಬೆರಳಿನಿಂದ ದಾರಿಗೆ ಅಡ್ಡ ಒಂದು ಸಲ ಒರೆಸುತ್ತೇನೆ. ಬಂದ ಇರುವೆ ಅಲ್ಲೇ ನಿಂತು ಅತ್ತಿತ್ತ ಹುಡುಕಾಡುತ್ತದೆ, ಸ್ವಲ್ಪ ಹೊತ್ತಿಗೆ ದಾರಿ ಮತ್ತೆ ಸಿಗುತ್ತದೆ. "ಪಾಪ, ಅದಕ್ಕೆ ಮನೆ ಗೊತ್ತಾಗ್ತಿಲ್ಲ" ಅಂತ ಮಗಳು ಉಸಿರು ಬಿಗಿಹಿಡಿದು ನೋಡುತ್ತಾಳೆ. ಒರೆಸುವುದು ಒಂದೇ ಸಲ, ಅದು ನಮ್ಮ ನಿಯಮ. ಮಕ್ಕಳು ಹುಳಹುಪ್ಪಟೆಯ ಬಗ್ಗೆ ಕರುಣೆ ಕಲಿಯುವುದು ಇಂಥ ಹೊತ್ತಿನಲ್ಲೇ ಅಂತ ನನಗೆ ಅನ್ನಿಸುತ್ತದೆ.

ಬಿಸಿಲಿರುವ ದಿನ ನೆರಳಿನ ಆಟ. ಮಗ ಒಂದು ಕಡೆ ನಿಲ್ಲುತ್ತಾನೆ, ಅವನ ಪಾದದ ಸುತ್ತ ಮತ್ತು ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೆ. ಅರ್ಧ ಗಂಟೆ ಬಿಟ್ಟು ಅದೇ ಪಾದದ ಗುರುತಿನಲ್ಲಿ ನಿಂತರೆ ನೆರಳು ಗೆರೆ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ಯಾಕೆ ಅಂತ ತಕ್ಷಣ ವಿವರಿಸಬೇಡಿ. ಸೂರ್ಯ ಯಾವ ಕಡೆ ಇದ್ದಾನೆ ಅಂತ ಮಾತ್ರ ಕೇಳಿ ಸುಮ್ನಿರಿ. ಆದರೆ ಸೂರ್ಯನನ್ನೇ ದಿಟ್ಟಿಸಿ ನೋಡಬಾರದು ಅಂತ ಮೊದಲೇ ಹೇಳಿರಬೇಕು. ಅಷ್ಟರಲ್ಲಿ ಮಗಳು ಬ್ರಷ್ಷನ್ನು ನೀರಿಗೆ ಅದ್ದಿ ಸಿಮೆಂಟಿನ ದಾರಿಯ ಮೇಲೆ ಚಿತ್ರ ಬಿಡಿಸುತ್ತಿರುತ್ತಾಳೆ. ಬಿಸಿಲಲ್ಲಿ ಬಿಡಿಸಿದ್ದು ಬೇಗ ಆರುತ್ತದೆ, ನೆರಳಲ್ಲಿ ಬಿಡಿಸಿದ್ದು ನಿಧಾನ.

ಚೆಂಡು, ಸೋಪಿನ ಗುಳ್ಳೆ ಎಲ್ಲರಿಗೂ ಗೊತ್ತಿರುವುದೇ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಎರಡು ಎಚ್ಚರ ಮಾತ್ರ ಹೇಳಲೇಬೇಕು. ಬಿಸಿಲಲ್ಲಿ ಜಾರುಬಂಡೆ ಕಾದಿರುತ್ತದೆ, ಮಗುವನ್ನು ಹತ್ತಿಸುವ ಮುಂಚೆ ನಿಮ್ಮ ಕೈ ಇಟ್ಟು ನೋಡಿ. ಇನ್ನೊಂದು, ಎಲೆ, ಹೂವು, ಕಾಯಿ, ಬೀಜ ಯಾವುದೂ ಬಾಯಿಗೆ ಹೋಗಬಾರದು. ಅಲಂಕಾರಕ್ಕೆ ಬೆಳೆಸುವ ಕಣಗಿಲೆಯಂಥ ಗಿಡಗಳ ಎಲ್ಲ ಭಾಗವೂ ವಿಷ.

ಮನೆಗೆ ಹೊರಡುವುದೇ ದೊಡ್ಡ ಕೆಲಸ, ಅಲ್ವಾ? "ಇನ್ನು ಐದು ನಿಮಿಷ" ಅಂದರೆ ಮೂರು ವರ್ಷದ ಮಗುವಿಗೆ ಏನೂ ಅರ್ಥವಾಗುವುದಿಲ್ಲ. "ಇನ್ನು ಮೂರು ಸಲ ಜಾರು, ಆಮೇಲೆ ಹೊರಡೋಣ" ಅಂದರೆ ಅರ್ಥವಾಗುತ್ತದೆ, ಅವಳೇ ಜೋರಾಗಿ ಎಣಿಸುತ್ತಾಳೆ. ಅದಾದ ಮೇಲೆ ಬೆಂಚಿನ ಮೇಲೆ ಕೂತು ಮೂವರೂ ಕಣ್ಣು ಮುಚ್ಚುತ್ತೇವೆ. ಹೊಸ ಸದ್ದು ಕೇಳಿದಾಗೆಲ್ಲ ಒಂದು ಬೆರಳು ಮಡಚಬೇಕು. ಓಡಿ ಓಡಿ ಏದುಸಿರು ಬಿಡುತ್ತಿದ್ದ ಮಕ್ಕಳು ಈ ಆಟದಲ್ಲಿ ತಾವಾಗಿಯೇ ತಣ್ಣಗಾಗುತ್ತಾರೆ. ಒಂದು ಕೈಯ ಬೆರಳೆಲ್ಲ ಮಡಚಿದ ಮೇಲೆ ಎದ್ದು ಕೈ ತೊಳೆದು, ನೀರು ಕುಡಿದು ಹೊರಡುತ್ತೇವೆ.