ಬೀರುವಿನ ಸೀರೆ, ಅಂಗಿಗಳಿಂದ ಕೌದಿ: ಕತ್ತರಿ ಹಾಕುವ ಮುನ್ನ, ಹಾಕಿದ ಮೇಲೆ

ಚಿಂದಿ ಬಟ್ಟೆಯ ಕೌದಿಗೂ ನೆನಪಿನ ಬಟ್ಟೆಯ ಕೌದಿಗೂ ಹೊಲಿಗೆಯಲ್ಲಿ ವ್ಯತ್ಯಾಸವೇನಿಲ್ಲ. ವ್ಯತ್ಯಾಸ ಇರುವುದು ಕತ್ತರಿಯಲ್ಲಿ. ಚಿಂದಿ ಹಾಳಾದರೆ ಇನ್ನೊಂದು ಸಿಗುತ್ತದೆ. ಅಜ್ಜಿ ದಿನಾ ಉಡುತ್ತಿದ್ದ ಸೀರೆ ಇರುವುದು ಒಂದೇ. ಹಾಗಾಗಿ ಇಲ್ಲಿ ಅರ್ಧ ಕೆಲಸ ಸೂಜಿ ಹಿಡಿಯುವ ಮೊದಲೇ ಮುಗಿದಿರಬೇಕು. ದಾವಣಗೆರೆ, ಚಿತ್ರದುರ್ಗದ ಕಡೆ ನವೆಂಬರಿನಿಂದ ಜನವರಿವರೆಗಿನ ಚಳಿಗೆ ನಾಲ್ಕು ಪದರದ ಹತ್ತಿ ಕೌದಿ ಧಾರಾಳ ಸಾಕು. ಚಳ್ಳಕೆರೆ ಕಂಬಳಿಯಷ್ಟು ಬೆಚ್ಚಗಿರುವುದಿಲ್ಲ, ಆದರೆ ಚುಚ್ಚುವುದಿಲ್ಲ, ಮನೆಯಲ್ಲೇ ಒಗೆಯಬಹುದು.

ಮೊದಲು ಮನೆಯವರನ್ನು ಕೇಳಿ. ಅಕ್ಕನಿಗೆ ಸೆರಗು ಬೇಕಿರಬಹುದು, ಚಿಕ್ಕಪ್ಪನಿಗೆ ಅದೇ ಅಂಗಿ ಇಡಿಯಾಗಿ ಬೇಕಿರಬಹುದು. ಕತ್ತರಿಸುವ ಮುನ್ನ ಬಟ್ಟೆಯನ್ನು ಹರಡಿ ಒಂದು ಫೋಟೊ ತೆಗೆದಿಡಿ. ಆಮೇಲೆ ನೆನಪು ಬಟ್ಟೆಯ ಯಾವ ಭಾಗದಲ್ಲಿದೆ ಎಂದು ನೋಡಿ. ಅಪ್ಪನ ಅಂಗಿಯಲ್ಲಿ ಅದು ಪೆನ್ನಿನ ಶಾಯಿ ಅಂಟಿದ ಜೇಬಿನಲ್ಲಿರುತ್ತದೆಯೇ ಹೊರತು ಬೆನ್ನಿನ ಬಟ್ಟೆಯಲ್ಲಲ್ಲ. ಜೇಬು, ಗುಂಡಿಪಟ್ಟಿ, ಕೈಯಲ್ಲಿ ಹಾಕಿದ ತೇಪೆ, ಸೀರೆಯ ಸೆರಗು, ಕುಪ್ಪಸದ ತೋಳಿನ ಅಂಚು, ಇವನ್ನು ಬಿಡಿಸದೆ ಹಾಗೇ ಚೌಕದ ನಡುವೆ ಬರುವಂತೆ ಕತ್ತರಿಸಿ. ಉಳಿದ ಬಟ್ಟೆ ಎಲ್ಲಿ ಹೋದರೂ ನಡೆಯುತ್ತದೆ.

ಬಟ್ಟೆಯ ತಾಕತ್ತು ನೋಡುವುದು

ಬೆಳಕಿಗೆ ಹಿಡಿದು ನೋಡಿ. ಜರಡಿಯಂತೆ ಕಂಡರೆ ಆ ಭಾಗ ಸವೆದಿದೆ. ಎರಡು ಹೆಬ್ಬೆರಳು ಪಕ್ಕಪಕ್ಕ ಇಟ್ಟು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಎಳೆಯಿರಿ. ಪರ್ ಎಂದು ಸದ್ದು ಬಂದರೆ ಅದು ಕೌದಿಯ ಮೇಲ್ಪದರಕ್ಕೆ ಆಗುವುದಿಲ್ಲ. ಬಿಸಾಡಬೇಕೆಂದೇನೂ ಇಲ್ಲ. ಹಿಂದೆ ಹೊಸ ಮಲ್ ಬಟ್ಟೆ (ತೆಳು ಹತ್ತಿ ಬಟ್ಟೆ) ಇಟ್ಟು, ಎರಡನ್ನೂ ಸೇರಿಸಿ ಇಂಚಿಗೊಂದು ಸಾಲು ಹೊಲಿದರೆ ಅದಕ್ಕೂ ಜೀವ ಬರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತ ಸೀರೆ ಬೇರೆಲ್ಲ ಕಡೆ ಗಟ್ಟಿಯಾಗಿದ್ದು ಮಡಿಕೆಯ ಗೆರೆಯಲ್ಲೇ ಬಿಡುತ್ತದೆ. ಆ ಗೆರೆಯನ್ನು ಚೌಕದ ಒಳಗೆ ತರಬೇಡಿ, ಕತ್ತರಿಸುವ ಜಾಗವೇ ಅದಾಗಲಿ.

ಹತ್ತಿಯೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕರಿ ಉಂಡೆ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಮೂರನ್ನೂ ಒಂದೇ ಕೌದಿಗೆ ಸೇರಿಸುವುದೇ ಎಲ್ಲರೂ ಮಾಡುವ ತಪ್ಪು. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಹಳೇ ರೇಷ್ಮೆ ಇವೆರಡರ ನಡುವೆ ಸಿಕ್ಕಿ ಹೊಲಿಗೆಯ ಪಕ್ಕದಲ್ಲೇ ಸೀಳುತ್ತದೆ. ಹತ್ತಿಗೆ ಹತ್ತಿಯೇ ಜೊತೆ. ಮೊಳಕಾಲ್ಮೂರು ಸೀರೆಯಂಥ ರೇಷ್ಮೆ, ಜರಿ ಏನಿದ್ದರೂ ಸಣ್ಣ ಸಾಮಾನಿಗೆ ಎತ್ತಿಡಿ. ಅದರ ಮಾತು ಕೊನೆಗೆ ಬರುತ್ತದೆ.

ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಐದು ನಿಮಿಷ ಒತ್ತಿಡಿ. ಕೆಂಪು, ಮರೂನ್, ಕಡುನೀಲಿಗಳನ್ನು ಒಂದೊಂದಾಗಿ ಪರೀಕ್ಷಿಸಲೇಬೇಕು. ಉಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವವರಿದ್ದಾರೆ. ಬಿಡುವ ಬಣ್ಣ ಅದಕ್ಕೆಲ್ಲ ನಿಲ್ಲುವುದಿಲ್ಲ. ತಿಳಿನೀರು ಬರುವವರೆಗೆ ಒಗೆಯಿರಿ, ಆಗಲೂ ಬಿಟ್ಟರೆ ಆ ಬಟ್ಟೆಯನ್ನು ಕೌದಿಯಿಂದ ಹೊರಗಿಡಿ. ನಮ್ಮ ಕಡೆಯ ಬೋರಿನ ನೀರು ಗಡಸಾಗಿದ್ದರೆ ಸೋಪು ಬಟ್ಟೆಯಲ್ಲೇ ಕೂತು ಒರಟು ಮಾಡುತ್ತದೆ; ಸೋಪು ಕಡಿಮೆ ಹಾಕಿ ಇನ್ನೊಂದು ಸಲ ಜಾಲಾಡಿಸುವುದು ಒಳ್ಳೆಯದು. ಹೋದವರ ಮೈವಾಸನೆ ಹೋಗಿಬಿಡುತ್ತದಲ್ಲ ಎಂಬ ಸಂಕಟ ಕೆಲವರಿಗಿರುತ್ತದೆ. ಅಂಥವರು ಒಂದು ಕರವಸ್ತ್ರವನ್ನು ಒಗೆಯದೆ ಬೇರೆ ಡಬ್ಬಿಯಲ್ಲಿಡಲಿ. ಕೌದಿಯ ಬಟ್ಟೆಯನ್ನು ಮಾತ್ರ ಒಗೆಯದೆ ಹೊಲಿಯಬಾರದು, ಬೆವರು-ಎಣ್ಣೆ ಇದ್ದಲ್ಲಿ ಹುಳ ಬೀಳುತ್ತದೆ.

ಅಳತೆ: ಒಂದು ಸೀರೆ, ಒಂದು ಪಂಚೆ

ಐದೂವರೆ ಮೀಟರ್ ಸೀರೆ ಸುಮಾರು 216 ಇಂಚು ಉದ್ದ, 45 ಇಂಚು ಅಗಲ. ಅದರಲ್ಲಿ 72 ಇಂಚಿನ ಮೂರು ತುಂಡು ಬರುತ್ತವೆ. ಸೆರಗಿಲ್ಲದ ಕಡೆಯಿಂದ ಗಟ್ಟಿಯಾದ ಒಂದು ತುಂಡು ಕೌದಿಯ ತಳಕ್ಕೆ. ಸೆರಗಿರುವ ತುಂಡು ಮೇಲ್ಪದರಕ್ಕೆ. ನಡುವಿನದು ತೇಪೆಗೆ, ಇನ್ನೊಂದು ಕೆಲಸಕ್ಕೆ ಕೈಯಲ್ಲಿರಲಿ. ಒಳಗಿನ ಎರಡು ಪದರಕ್ಕೆ ಹಳೇ ಎಂಟು ಮೊಳದ ಪಂಚೆಯಷ್ಟು ಒಳ್ಳೆಯದು ಯಾವುದೂ ಇಲ್ಲ: ನಡುವೆ ಕತ್ತರಿಸಿದರೆ 72 ಇಂಚಿನ ಎರಡು ತುಂಡು, ಒಗೆದು ಒಗೆದು ಮೆತ್ತಗಾಗಿರುತ್ತದೆ, ಇನ್ನು ಕುಗ್ಗುವುದೂ ಇಲ್ಲ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯ ಮನೆಗಳಲ್ಲಿ ಹಳೇ ಪಂಚೆಗೆ ಬರವಿಲ್ಲ. ಅಂಗಡಿಯ ಹೊಸ ಬಟ್ಟೆಯನ್ನು ಒಳಗಿಡುವುದಾದರೆ ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ನೂರು ಇಂಚಿಗೆ ಮೂರರಿಂದ ಐದು ಇಂಚು ಕುಗ್ಗಬಹುದು.

ಮೇಲ್ಪದರಕ್ಕೆ 7 ಇಂಚಿನ ಚೌಕ 77 ಬೇಕು. ಅಡ್ಡಕ್ಕೆ 7, ಉದ್ದಕ್ಕೆ 11 ಸಾಲು. ಹಳೇ ಬಟ್ಟೆಯ ಎಳೆ ಬಿಚ್ಚಿಕೊಳ್ಳುವುದರಿಂದ ಹೊಲಿಗೆಗೆ ಅರ್ಧ ಇಂಚು ಬಿಡಿ, ಕಾಲು ಇಂಚು ಸಾಲದು. ಹೀಗೆ ಹೊಲಿದಾಗ ಪ್ರತಿ ಚೌಕ 6 ಇಂಚು ಕಾಣುತ್ತದೆ. ತಲೆಯ ಕಡೆಗೆ ಸೀರೆಯ ಅಂಚನ್ನು 4 ಇಂಚು ಅಗಲ, 43 ಇಂಚು ಉದ್ದದ ಪಟ್ಟಿಯಾಗಿ ಕತ್ತರಿಸಿ ಸೇರಿಸಿದರೆ ಒಟ್ಟು 43×70 ಇಂಚು. ಒಳಪದರಗಳನ್ನೂ ಇದೇ ಅಳತೆಗೆ ಕತ್ತರಿಸಿ. ಸೀರೆಯ 72 ಇಂಚಿನ ತುಂಡಿನಲ್ಲಿ ಸುಮಾರು 60 ಚೌಕ ಸಿಗುತ್ತವೆ, ಅಂಗಿಯ ಬೆನ್ನಿನಲ್ಲಿ ಆರರಿಂದ ಒಂಬತ್ತು. ಅಂದರೆ ನೆನಪಿನ ಬಟ್ಟೆ ಕಡಿಮೆ ಇದೆ ಎಂದು ಹಿಂಜರಿಯಬೇಕಿಲ್ಲ. ಏಳೆಂಟು ಮುಖ್ಯ ಚೌಕಗಳಿದ್ದರೂ ಸಾಕು, ಅವನ್ನು ಎದೆಯ ಮೇಲೆ ಬರುವ ನಡುಭಾಗದಲ್ಲಿ ಹರಡಿ. ಮೂಲೆಗಳಿಗೆ, ಕಾಲ ಕಡೆಗೆ ಗಟ್ಟಿ ಬಟ್ಟೆ ಇರಲಿ; ಎಳೆದಾಟವೆಲ್ಲ ಅಲ್ಲೇ.

ಹಳೇ ರಟ್ಟಿನಲ್ಲಿ 7 ಇಂಚಿನ ಅಚ್ಚು ಕತ್ತರಿಸಿಕೊಂಡು ಟೇಲರ್ ಚಾಕಿನಿಂದ ಗುರುತು ಹಾಕಿ. ಬಟ್ಟೆಯ ನೇಯ್ಗೆಯ ದಾರಕ್ಕೆ ಅಚ್ಚಿನ ಅಂಚು ಸರಿಯಾಗಿ ಕೂರಬೇಕು. ಓರೆಯಾಗಿ ಕತ್ತರಿಸಿದ ಚೌಕ ಎಳೆದತ್ತ ಹಿಗ್ಗಿ, ಏಳನೇ ಚೌಕಕ್ಕೆ ಬರುವಷ್ಟರಲ್ಲಿ ಸಾಲು ಒಂದು ಇಂಚು ಆಚೆ ಹೋಗಿರುತ್ತದೆ. ಟೀ ಶರ್ಟ್ ಬಟ್ಟೆಯಾದರೆ ಹಿಂದೆ ಪೇಸ್ಟಿಂಗ್ ಕ್ಯಾನ್ವಾಸ್ (ಇಸ್ತ್ರಿಯ ಬಿಸಿಗೆ ಅಂಟುವ ಬಟ್ಟೆ) ಅಂಟಿಸಿ ಆಮೇಲೆ ಕತ್ತರಿಸಿ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಇಟ್ಟು ಒತ್ತಬೇಕು.

ಚೌಕ ಸೇರಿಸುವುದು ಮಷಿನ್ನಿನಲ್ಲಿ ಆಗುತ್ತದೆ: 14 ನಂಬರ್ ಸೂಜಿ, ಹತ್ತಿ ದಾರ. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ. ಎಳೆತ ಬಿದ್ದಾಗ ದಾರ ಹರಿದರೆ ಮತ್ತೆ ಹೊಲಿಯಬಹುದು, ದಾರವೇ ಬಟ್ಟೆಯನ್ನು ಕೊಯ್ದರೆ ಏನೂ ಮಾಡಲಾಗದು. ಮೊದಲ ಸಾಲಿನ ಜೋಡುಗಳನ್ನು ಎಡಕ್ಕೆ, ಎರಡನೆಯದನ್ನು ಬಲಕ್ಕೆ ಮಡಚಿ ಇಸ್ತ್ರಿ ಮಾಡಿ. ಎಲ್ಲ ಒಂದೇ ಕಡೆ ಮಡಚಿದರೆ ನಾಲ್ಕು ಚೌಕ ಸೇರುವಲ್ಲಿ ಗಡ್ಡೆಯಾಗಿ ಸೂಜಿ ದಾಟುವುದಿಲ್ಲ.

ಹಾಸುವುದು, ಹೊಲಿಯುವುದು

ನೆಲ ಒರೆಸಿ, ತಳದ ತುಂಡನ್ನು ಒಳಮೈ ಮೇಲಾಗಿ ಹಾಸಿ. ಮೂಲೆಗಳಿಗೆ ಭಾರ ಇಡಿ. ಅದರ ಮೇಲೆ ಪಂಚೆಯ ಎರಡು ಪದರ, ಮೇಲೆ ಚೌಕಗಳ ಪದರ. ಸುತ್ತಲೂ ತಳದ ಬಟ್ಟೆ ಒಂದೊಂದು ಇಂಚು ಹೊರಗೆ ಉಳಿಯಬೇಕು. ಒಂದೊಂದು ಪದರ ಹಾಸಿದಾಗಲೂ ಅಂಗೈಯಿಂದ ನಡುವಿನಿಂದ ಹೊರಗೆ ಸವರಿ. ಬಿಗಿಯಾಗಿ ಎಳೆದು ಹಾಸಬೇಡಿ. ಎಳೆದದ್ದು ಭಾರ ತೆಗೆದ ಕೂಡಲೇ ಹಿಂದಕ್ಕೆ ಸರಿದು ಸುಕ್ಕಾಗುತ್ತದೆ.

ಇನ್ನು ಕಚ್ಚಾ ಹೊಲಿಗೆ, ಅಂದರೆ ಪದರಗಳು ಜರುಗದಂತೆ ಹಾಕಿ ಕೊನೆಗೆ ಬಿಚ್ಚಿಬಿಡುವ ಹೊಲಿಗೆ. ಇದನ್ನು ಬಿಟ್ಟು ನೇರ ಹೊಲಿಗೆಗೆ ಇಳಿಯುವ ಆಸೆ ಎಲ್ಲರಿಗೂ ಬರುತ್ತದೆ, ಕೌದಿ ಕೆಡುವುದೂ ಇಲ್ಲೇ. ಎದ್ದು ಕಾಣುವ ಬಣ್ಣದ ದಾರದಲ್ಲಿ, ನಡುವಿನಿಂದ ನಾಲ್ಕೂ ದಿಕ್ಕಿಗೆ, ಒಂದೊಂದು ಗೇಣು ಅಂತರಕ್ಕೆ ಎರಡು-ಮೂರು ಇಂಚಿನ ದೊಡ್ಡ ಟಾಕು ಹಾಕುತ್ತಾ ಹೋಗಿ. ನಂತರ ಅಂಚು: ಹೊರಗುಳಿದ ಒಂದು ಇಂಚನ್ನು ಅರ್ಧಕ್ಕೆ ಮಡಚಿ, ಇನ್ನೊಂದು ಮಡಿಕೆ ಹಾಕಿ ಮೇಲ್ಪದರದ ಮೇಲೆ ತಂದು ಹೆಮ್ಮಿಂಗ್ ಮಾಡಿ.

ಓಣಿಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವುದುಂಟು. ಅವರ ಕೈಗೆ ಅದು ಪಳಗಿರುತ್ತದೆ. ಹೊಸಬರು ಹಾಗೆ ಹೊಲಿದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಬಂದು ಉಬ್ಬಿ ನಿಲ್ಲುತ್ತದೆ. ನಡುವಿನ ಸಾಲು ಮೊದಲು ಮುಗಿಸಿ, ಎಡಕ್ಕೊಂದು ಬಲಕ್ಕೊಂದು ಸಾಲು ಹಾಕುತ್ತಾ ಅಂಚಿಗೆ ಹೋಗುವುದು ಕ್ಷೇಮ.

ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ತಿರುಚಿಕೊಂಡು ಗಂಟಾಗುತ್ತದೆ. ಮೇಣದ ಬತ್ತಿಯ ಮೇಲೊಮ್ಮೆ ಎಳೆದುಕೊಂಡರೆ ನುಣ್ಣಗೆ ಓಡುತ್ತದೆ. ಗಂಟನ್ನು ಪದರಗಳ ನಡುವೆ ಎಳೆದು ಮುಚ್ಚಿ. ಇಂಚಿಗೆ ನಾಲ್ಕು ಟಾಕು ಬಂದರೆ ಚೆನ್ನ, ಮೂರು ಬಂದರೂ ಕೌದಿಗೆ ಅವಮಾನವೇನಿಲ್ಲ. ಆದರೆ ಸೂಜಿ ನಾಲ್ಕೂ ಪದರ ದಾಟಿದೆಯೇ ಎಂದು ಕೆಳಗಿನ ಕೈಯ ಬೆರಳಿಗೆ ಪ್ರತಿ ಟಾಕಿನಲ್ಲೂ ತಾಗಬೇಕು. ನಾಲ್ಕೈದು ಟಾಕು ಸೂಜಿಗೆ ಏರಿಸಿ ಎಳೆದ ಮೇಲೆ ಹೊಲಿಗೆಯ ಮೇಲೆ ಹೆಬ್ಬೆರಳಿಂದ ಸವರಿ. ನಿರಿಗೆ ಉಳಿದರೆ ದಾರ ಬಿಗಿಯಾಗಿದೆ ಎಂದರ್ಥ, ಆಗಲೇ ಸಡಿಲಿಸಿ. ಗೇಣಿಗೊಮ್ಮೆ ಕೌದಿ ತಿರುವಿ ತಳ ನೋಡಿ. ತಳದಲ್ಲಿ ಮಡಿಕೆ ಸಿಕ್ಕಿಕೊಂಡದ್ದು ನಾಲ್ಕು ಸಾಲು ದಾಟಿದ ಮೇಲೆ ಗೊತ್ತಾದರೆ ನಾಲ್ಕನ್ನೂ ಬಿಚ್ಚಬೇಕಾಗುತ್ತದೆ.

ಇಂಚಿಗೊಂದು ಸಾಲಿನ ಲೆಕ್ಕದಲ್ಲಿ ಒಂಟಿ ದಾರ ಸುಮಾರು 90 ಮೀಟರ್, ಜೋಡಿ ದಾರವಾದರೆ 180 ಮೀಟರ್ ಬೇಕು. ಒಂದೇ ಬಣ್ಣದ ದಾರವನ್ನು ಒಟ್ಟಿಗೆ ತಂದಿಟ್ಟುಕೊಳ್ಳಿ. ಜೇಬಿನ ಚೌಕ ಬಂದಾಗ ಜೇಬಿನ ಬಾಯಿ ಹೊಲಿದುಬಿಡಬೇಡಿ. ಸುತ್ತ ಹೊಲಿದು ಬಾಯಿ ತೆರೆದಿಡಿ, ಮನೆಯ ಹುಡುಗರು ಅದರಲ್ಲಿ ಏನಾದರೂ ಬಚ್ಚಿಡುತ್ತಾರೆ. ಬಟ್ಟೆ ಯಾರದು, ಯಾವ ವರ್ಷದ್ದು ಎಂದು ತಳದ ಮೂಲೆಯಲ್ಲಿ ಸರಪಳಿ ಹೊಲಿಗೆಯಲ್ಲಿ ಬರೆಯಿರಿ.

ಉಳಿದ ಬಟ್ಟೆಗೆ ಸಣ್ಣ ಕೆಲಸಗಳು

ಅಂಗಿಯಿಂದ ದಿಂಬಿನ ಕವರ್ ಒಂದು ತಾಸಿನ ಕೆಲಸ. ಗುಂಡಿ ಹಾಕಿದ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹರಡಿ, ಮುಂಭಾಗ-ಹಿಂಭಾಗ ಒಟ್ಟಿಗೆ 17 ಇಂಚಿನ ಚೌಕ ಕತ್ತರಿಸಿ, ಅರ್ಧ ಇಂಚು ಬಿಟ್ಟು ನಾಲ್ಕೂ ಕಡೆ ಹೊಲಿಯಿರಿ. ಗುಂಡಿ ಬಿಚ್ಚಿ ತಿರುವಿದರೆ 16 ಇಂಚಿನ ಕವರ್ ಸಿದ್ಧ, ಜಿಪ್ ಬೇಕಿಲ್ಲ. ರೊಟ್ಟಿ ಬುಟ್ಟಿಗೆ 18 ಇಂಚಿನ ಎರಡು ಪದರದ ಹತ್ತಿ ಚೌಕ ಹೊಲಿದರೆ ರೊಟ್ಟಿ ಬಿಸಿಯಾಗಿರುತ್ತದೆ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ 8 ಇಂಚಿನ ಚೌಕ, ನಡುವೆ ಹಳೇ ಟವೆಲ್ ಎರಡು ಪದರ. ಇದಕ್ಕೆ ಪಾಲಿಯೆಸ್ಟರ್ ತುಂಡು ಸೇರಿದರೆ ಕರಗಿ ಕೈಗೆ ಅಂಟುತ್ತದೆ.

ಎತ್ತಿಟ್ಟ ರೇಷ್ಮೆಗೆ ಎಲೆ-ಅಡಿಕೆ ಸಂಚಿಯೇ ಸರಿ. ಒಳಗೆ ಹತ್ತಿಯ ಅಸ್ತರ್ ಕೊಟ್ಟು 7×9 ಇಂಚಿಗೆ ಹೊಲಿದು, ಬಾಯಿಗೆ ಲಾಡಿ ಪೋಣಿಸಿ. ಭಾರವೆಲ್ಲ ಅಸ್ತರ್ ಹೊರುವುದರಿಂದ ರೇಷ್ಮೆ ಸೀಳುವುದಿಲ್ಲ. ಒಂದು ಸೆರಗಿನಲ್ಲಿ ಅಕ್ಕ-ತಂಗಿಯರಿಗೆಲ್ಲ ಒಂದೊಂದು ಆಗುತ್ತದೆ.

ಒಗೆತ, ರಿಪೇರಿ

ಒದ್ದೆ ಕೌದಿಯನ್ನು ಹಿಂಡಬೇಡಿ, ಒತ್ತಿ ನೀರು ಇಳಿಸಿ. ಒಂದೇ ಹಗ್ಗಕ್ಕೆ ಹಾಕಿದರೆ ಭಾರಕ್ಕೆ ನಡುಸಾಲಿನ ಹೊಲಿಗೆ ಕೀಳುತ್ತದೆ, ಎರಡು ಹಗ್ಗಕ್ಕೆ ಅಥವಾ ಮಂಚದ ಮೇಲೆ ತಳ ಮೇಲಾಗಿ ನೆರಳಲ್ಲಿ ಹಾಕಿ. ವರ್ಷಕ್ಕೆರಡು ಸಲ ಬೇರೆ ಮಡಿಕೆಯಲ್ಲಿ ಮಡಚಿಡಿ. ಚೌಕವೊಂದು ಪಿಸಿಯತೊಡಗಿದರೆ ಅದನ್ನು ಬಿಚ್ಚದೆ, ಎತ್ತಿಟ್ಟ ನಡುತುಂಡಿನಿಂದ 7 ಇಂಚು ಕತ್ತರಿಸಿ, ಅಂಚು ಅರ್ಧ ಇಂಚು ಒಳಗೆ ಮಡಚಿ ಮೇಲೇ ಹೊಲಿಯಿರಿ. ಜೇಬಿನಂಥ ಚೌಕವಾದರೆ ಮುಚ್ಚುವ ಬದಲು ಅದೇ ಬಣ್ಣದ ತೆಳು ಮಲ್ ಹೊದಿಸಿ, ಕೆಳಗಿನದು ಕಾಣುತ್ತಿರುತ್ತದೆ.