ಊರ ನಾಟಕದವರನ್ನು ಕ್ಯಾಮೆರಾಕ್ಕೆ ಹೊಂದಿಸಿದ ಬಗೆ

ಬಾದಾಮಿ, ಗುಳೇದಗುಡ್ಡ, ಇಳಕಲ್ ಸುತ್ತಲಿನ ಊರುಗಳಲ್ಲಿ ಜಾತ್ರೆ ನಾಟಕ ಕಲಿಸುವುದು ನನ್ನ ಕಸುಬು. ಜನ ನನ್ನನ್ನು ಕರೆಯುವುದೂ ಮಾಸ್ತರ ಅಂತಲೇ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿದೆ. ನಮ್ಮ ಭಾಗಕ್ಕೆ ಶೂಟಿಂಗಿಗೆ ಬರುವ ಸಿನಿಮಾ, ಧಾರಾವಾಹಿ ತಂಡಗಳಿಗೆ ಇಲ್ಲಿನ ರಂಗ ಕಲಾವಿದರನ್ನು ತಯಾರು ಮಾಡಿ ಕೊಡುತ್ತೇನೆ. ವಿಜಯಪುರ, ಗೋಕಾಕ ಕಡೆಯ ಮಾಸ್ತರರು ಫೋನ್ ಮಾಡಿ ‘ಹೆಂಗ ಮಾಡಿದ್ರಿ, ಹೇಳ್ರಿ’ ಅಂತ ಕೇಳುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯವರಿಗೆ ಸಿನಿಮಾ ಹೊಸದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಅದರ ಶೂಟಿಂಗ್ ನಡೆದದ್ದು ಬೆಳಗಾವಿಯ ಆಚೆ ಮಗ್ಗುಲಿನ ಕೊಲ್ಹಾಪುರದಲ್ಲಿ. ಅದರಲ್ಲಿ ರಾವಣನಾದ ಆರ್. ನಾಗೇಂದ್ರರಾವ್, ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು ಇಬ್ಬರೂ ನಾಟಕದವರು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿ, ನಟಿಸಿ ದೇಶಕ್ಕೆಲ್ಲ ಗೊತ್ತಾದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ಮರಾಠಿ ನಾಟಕ ಕಂಪನಿಯಲ್ಲಿ ಹೆಸರು ಮಾಡಿದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ರಾಜಕುಮಾರ್, ನರಸಿಂಹರಾಜು ಅವರೂ ಕಂಪನಿ ನಾಟಕದಿಂದಲೇ ಬಂದವರು. ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರು 2017ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು; ಜೀವಮಾನವಿಡೀ ಬಣ್ಣ ಹಚ್ಚಿದವರು. ಅವರ ಮಗ ನಟರಾಜ ರಂಗದ ಜೊತೆಗೆ ಸಿನಿಮಾದಲ್ಲೂ ದುಡಿದರು. ಅಂದರೆ ಪರದೆಗೆ ಬೇಕಾದ ಮಂದಿಯನ್ನು ನಾಟಕ ಮೊದಲಿನಿಂದ ಕೊಡುತ್ತಲೇ ಬಂದಿದೆ. ಆದರೆ ಹೋಗಬೇಕಾದವರು ನಾವೇ. ಒಂದು ಕಾಲಕ್ಕೆ ಕೊಲ್ಹಾಪುರ, ಮುಂಬೈ, ಆಮೇಲೆ ಮದ್ರಾಸು, ಕೊನೆಗೆ ಬೆಂಗಳೂರು. ಊರು ಬಿಡಲಾಗದವರು ಊರಲ್ಲೇ ಉಳಿದರು, ಅದರಲ್ಲೂ ಹೆಣ್ಣುಮಕ್ಕಳು.

ಟಿವಿ ಬಂದ ಮೇಲೆ ಲೆಕ್ಕ ಬದಲಾಯಿತು. 1981ರಲ್ಲಿ ಬೆಂಗಳೂರು ದೂರದರ್ಶನ, 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ವಾರಕ್ಕೊಂದು ಕಂತು ಇದ್ದದ್ದು ದಿನಕ್ಕೊಂದಾಯಿತು. ಸಂಜೆ ಮನೆಮಂದಿಯೆಲ್ಲ ಟಿವಿ ಮುಂದೆ ಕುಂತ ಮೇಲೆ ನಾಟಕ ಕಂಪನಿಗಳ ಗಲ್ಲಾ ಬರಿದಾಯಿತು. ಎಷ್ಟೋ ಕಂಪನಿಗಳು ಸೀನರಿ ಸುತ್ತಿಟ್ಟವು. ಆ ಸಂಕಟವನ್ನು ಹತ್ತಿರದಿಂದ ಕಂಡವನು ನಾನು. ಆದರೂ ದಿನಕ್ಕೊಂದು ಕಂತು ಅಂದರೆ ದಿನವೂ ಕಲಾವಿದರು ಬೇಕು. ಉತ್ತರ ಕರ್ನಾಟಕದ ಮನೆಗಳು ನೋಡಬೇಕಾದರೆ ಈ ಭಾಗದ ಕಥೆ ಬೇಕು, ಈ ಭಾಗದ ಮಾತು ಬೇಕು. ಹಾಗೆ ಕ್ಯಾಮೆರಾ ಇತ್ತ ಮುಖ ಮಾಡಿತು.

ಮೊದಲ ಸಲ ಒಂದು ತಂಡದ ಮ್ಯಾನೇಜರ್ ನನ್ನ ಹತ್ತಿರ ಬಂದಾಗ ಕೇಳಿದ್ದು ಗುಂಪಿನಲ್ಲಿ ನಿಲ್ಲುವ ಜನರನ್ನು. ಗುಡಿಯ ಕಟ್ಟೆ ಮೇಲೆ ಕೂರುವವರು, ಬಾವಿ ಹತ್ತಿರ ಕೊಡ ಹಿಡಿದು ಹೋಗುವವರು. ಮಾತಿರುವ ಪಾತ್ರಕ್ಕೆ ಬೆಂಗಳೂರಿನಿಂದಲೇ ಕರೆತಂದಿದ್ದರು. ‘ಮಾತೂ ನಮ್ಮವರೇ ಆಡ್ತಾರ್ರಿ, ಒಮ್ಮೆ ನೋಡ್ರಿ’ ಅಂದೆ. ಅದಕ್ಕೆ ಅವರು, ‘ನಾಟಕದವರು ಕಿರುಚ್ತಾರೆ ಸಾರ್, ಒಂದು ಶಾಟ್‌ನಲ್ಲಿ ಮಾಡಿದ್ದು ಇನ್ನೊಂದರಲ್ಲಿ ಇರಲ್ಲ’ ಅಂದರು. ಮಾತು ಚುಚ್ಚಿತು. ಆದರೆ ಅದರಲ್ಲಿ ಹುರುಳಿತ್ತು. ಇವೆರಡನ್ನೂ ತಿದ್ದಬಹುದು, ನಟನೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ ಅನ್ನುವುದು ನನಗೆ ಖಾತ್ರಿಯಿತ್ತು. ಅಲ್ಲಿಂದ ತಾಲೀಮು ಶುರುವಾಯಿತು.

ನನ್ನ ಹತ್ತಿರ ಇದ್ದದ್ದು ಒಂದು ಮೊಬೈಲ್ ಫೋನ್, ಒಂದು ಸ್ಟ್ಯಾಂಡ್, ಊರ ಸಮುದಾಯ ಭವನ. ಅಷ್ಟೇ ಸಾಕಾಯಿತು. ಮೊದಲು ಹಿಡಿದದ್ದು ದನಿ. ಜಾತ್ರೆ ನಾಟಕದಲ್ಲಿ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಂತವನಿಗೂ ಮಾತು ಮುಟ್ಟಬೇಕು. ಮುಂದೆ ಮೈಕು ತೂಗುಬಿಟ್ಟಿದ್ದರೂ ದನಿ ತಗ್ಗುವುದಿಲ್ಲ. ಶೂಟಿಂಗಿನಲ್ಲಿ ಸೆರಗಿನ ಒಳಗೆ ಕಾಲರ್ ಮೈಕ್ ಸಿಕ್ಕಿಸಿರುತ್ತಾರೆ, ಉಸಿರೂ ಕೇಳುತ್ತದೆ. ಅದಕ್ಕೆ ಇಬ್ಬರನ್ನು ಒಂದೇ ಹೊರಸಿನ ಮೇಲೆ ಎದುರುಬದುರು ಕೂರಿಸಿ, ಮಗ್ಗುಲ ಕೋಣೆಯಲ್ಲಿ ಕೂಸು ಮಲಗಿದೆ, ಏಳಬಾರದು, ಈಗ ಜಗಳ ಆಡಿ ಅನ್ನುತ್ತಿದ್ದೆ.

ಹಳ್ಳಿಗಳಿಗೆ ನಾಯಕಿ ಪಾತ್ರಕ್ಕೆ ಹೋಗಿ ಹೋಗಿ ತಲೆ ನರೆತ ಒಬ್ಬ ಕಲಾವಿದೆ ಇದ್ದರು. ಹೊಲ ಪಾಲು ಕೇಳಲು ಬಂದ ಮಗನಿಗೆ ತಾಯಿ ಉತ್ತರ ಕೊಡುವ ದೃಶ್ಯ. ಅವರು ಎದ್ದು ನಿಂತು, ಕೈ ಚಾಚಿ, ಭವನವೆಲ್ಲ ಗುಯ್ ಅನ್ನುವಂತೆ ಮಾತು ಬಿಟ್ಟರು. ನನಗೇ ಮೈ ಜುಮ್ಮೆಂದಿತು.

‘ಅಕ್ಕಾರ, ಅಷ್ಟು ಜೋರ ಬ್ಯಾಡ್ರಿ. ಮಗ ಎದುರಿಗೇ ಕುಂತಾನ.’

‘ಸಣ್ಣ ದನಿಲೆ ಸಿಟ್ಟು ಹೆಂಗ ಬರ್ತೈತ್ರಿ ಮಾಸ್ತರ?’

ಒಂದು ಮೊರದ ತುಂಬ ಜೋಳ ತರಿಸಿ ಅವರ ತೊಡೆಯ ಮೇಲಿಟ್ಟೆ. ಹಸನು ಮಾಡುತ್ತ ಮಾತಾಡ್ರಿ, ಮಗನ ಮುಖ ನೋಡಬ್ಯಾಡ್ರಿ ಅಂದೆ. ಕಲ್ಲು ಆರಿಸುತ್ತ ಮಾತು ಶುರು ಮಾಡಿದರು. ‘ನಿಮ್ಮಪ್ಪ ಇದ್ದಾಗ ಕೇಳಬೇಕಿತ್ತಪಾ’ ಅನ್ನುವ ಮಾತಿಗೆ ಬಂದಾಗ ಬೆರಳು ತಾನಾಗಿ ನಿಂತಿತು. ಕೈಯಲ್ಲಿದ್ದ ಹರಳನ್ನು ಒಗೆಯದೆ ಮುಷ್ಟಿಯಲ್ಲಿ ಹಿಡಿದುಕೊಂಡರು. ದನಿ ಪಿಸುಮಾತಿಗಿಂತ ತುಸು ಮೇಲಿತ್ತು, ಅಷ್ಟೆ. ಫೋನಿನಲ್ಲಿ ತೋರಿಸಿದಾಗ ಬಹಳ ಹೊತ್ತು ತಮ್ಮದೇ ಕೈ ನೋಡಿದರು. ಸಿಟ್ಟಿಗೆ ಕೈಯೂ ಸಾಲುತ್ತದೆ ಅಂತ ಅವರಿಗೆ ನಾನು ಹೇಳಿಕೊಡಬೇಕಾಗಲಿಲ್ಲ, ಕಂಡರು.

ಎರಡನೆಯದು ಕಂಟಿನ್ಯುಟಿ. ಇದು ದನಿಗಿಂತ ಕಷ್ಟ. ನಾಟಕದಲ್ಲಿ ಒಂದು ರಾತ್ರಿಯ ಮಾತು ಇನ್ನೊಂದು ರಾತ್ರಿ ಇರುವುದಿಲ್ಲ. ಮಂದಿ ಚಪ್ಪಾಳೆ ತಟ್ಟಿದರೆ ಮಾತು ಬೆಳೆಯುತ್ತದೆ, ಹಾಡಿಗೆ ಒನ್ಸ್ ಮೋರ್ ಬೀಳುತ್ತದೆ. ನಾಟಕದ ಸೊಗಸೇ ಅದು. ಶೂಟಿಂಗಿನಲ್ಲಿ ಮೊದಲು ಇಡೀ ದೃಶ್ಯ ಹಿಡಿಯುವ ಮಾಸ್ಟರ್ ಶಾಟ್, ಆಮೇಲೆ ಎದುರಿನವರ ಭುಜದ ಮೇಲಿಂದ ಸಜೆಷನ್, ಆಮೇಲೆ ಮುಖ ಹತ್ತಿರದಿಂದ ತೋರಿಸುವ ಕ್ಲೋಸ್. ಮೂರರಲ್ಲೂ ಸೆರಗು ಅದೇ ಹೆಗಲ ಮೇಲೆ, ಚಹಾ ಕಪ್ಪು ಅದೇ ಕೈಯಲ್ಲಿ, ತಲೆ ತಿರುಗಿದ್ದು ಅದೇ ಮಾತಿಗೆ ಇರಬೇಕು. ಇಲ್ಲವಾದರೆ ಎಡಿಟಿಂಗಿನಲ್ಲಿ ಕೂಡುವುದಿಲ್ಲ. ನಾನು ಇದಕ್ಕೆ ಹಾರ್ಮೋನಿಯಂ ಬಳಸಿದೆ. ನಮ್ಮವರಿಗೆ ರಂಗಗೀತೆಯ ಯಾವ ಸಾಲಿಗೆ ಯಾವ ಹೆಜ್ಜೆ ಅನ್ನುವುದು ರಕ್ತದಲ್ಲೇ ಇದೆ, ಅದನ್ನು ತಪ್ಪುವುದಿಲ್ಲ. ಮಾತನ್ನೂ ಹಾಗೇ ಕಟ್ಟಿಸಿದೆ. ಯಾವ ಮಾತಿಗೆ ಕಪ್ಪು ಕೆಳಗಿಡಬೇಕು ಅಂತ ಗೊತ್ತು ಮಾಡಿ, ಆ ಮಾತಿಗೆ ಒಂದು ಸ್ವರ ಒತ್ತುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಸ್ವರ ಬಿಟ್ಟೆ. ಕೈ ಮಾತ್ರ ಅದೇ ಹೊತ್ತಿಗೆ ಕೆಳಗಿಳಿಯುತ್ತಿತ್ತು.

ನೆಲದ ಮಾರ್ಕ್ ಮೇಲೆ ಕೆಳಗೆ ನೋಡದೆ ಬಂದು ನಿಲ್ಲುವುದು, ಪ್ರೇಕ್ಷಕರ ಕಡೆ ಮುಖ ಮಾಡುವ ರೂಢಿ ಬಿಟ್ಟು ಎದುರಿನವರ ಕಣ್ಣು ನೋಡುವುದು, ಲೆನ್ಸ್ ಕಡೆ ಹೊರಳದಿರುವುದು ಬೇಗ ಬಂದವು. ಬಣ್ಣದ ಪೆಟ್ಟಿಗೆ ಬಿಡಿಸುವುದು ತಡವಾಯಿತು. ದೀಪದ ಕೆಳಗೆ ದೂರದವರಿಗೆ ಕಾಣಲೆಂದು ಹಚ್ಚುವ ದಪ್ಪ ಬಣ್ಣ ಕ್ಲೋಸ್‌ನಲ್ಲಿ ಮುಖವಾಡದಂತಿರುತ್ತದೆ. ಬಟ್ಟೆಯ ವಿಷಯಕ್ಕೂ ಒಂದು ಮಾತು ಗೊತ್ತಿರಲಿ. ಕುಪ್ಪಸಕ್ಕೆ ಬಳಸುವ ಗುಳೇದಗುಡ್ಡದ ಖಣದಲ್ಲಿ ತೀರ ಸಣ್ಣ, ಒತ್ತೊತ್ತು ವಿನ್ಯಾಸ ಇದ್ದರೆ ಕ್ಯಾಮೆರಾದಲ್ಲಿ ಒಮ್ಮೊಮ್ಮೆ ಅಲೆ ಅಲೆಯಾಗಿ ಕುಣಿದಂತೆ ಕಾಣುತ್ತದೆ. ನಾವು ತುಸು ದೊಡ್ಡ ವಿನ್ಯಾಸದ ಖಣ, ಇಳಕಲ್ ಸೀರೆಯನ್ನು ಮೊದಲೇ ಆರಿಸಿಟ್ಟುಕೊಳ್ಳುತ್ತೇವೆ. ಬೆಂಗಳೂರಿನ ಕಾಸ್ಟ್ಯೂಮಿನವರು ತರುವ ಸೀರೆಯನ್ನು ಇಲ್ಲಿನ ಹೆಣ್ಣುಮಕ್ಕಳು ಉಡುವುದಿಲ್ಲ ಅಂತ ಹೇಳುವ ಧೈರ್ಯವೂ ಬೇಕು. ಹೇಳಿದ್ದೇವೆ, ಕೇಳಿದ್ದಾರೆ.

ಒಂದು ವಿಷಯದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಧಾರಾವಾಹಿಯಲ್ಲಿ ಸಂಭಾಷಣೆಯ ಹಾಳೆ ಎಷ್ಟೋ ಸಲ ಅದೇ ದಿನ ಬೆಳಿಗ್ಗೆ ಕೈಗೆ ಬರುತ್ತದೆ. ಅಸಿಸ್ಟೆಂಟ್ ಡೈರೆಕ್ಟರ್ ಕ್ಯಾಮೆರಾ ಹಿಂದಿನಿಂದ ಪ್ರಾಂಪ್ಟ್ ಮಾಡುತ್ತಾರೆ. ಹೊಸ ಹುಡುಗ ಹುಡುಗಿಯರು ಅದಕ್ಕೆ ಕಿವಿ ಕೊಡಲು ಹೋಗಿ ಭಾವ ಕಳೆದುಕೊಳ್ಳುತ್ತಾರೆ. ನಮ್ಮ ಹೆಣ್ಣುಮಕ್ಕಳು ಇವತ್ತು ಒಂದೂರು, ನಾಳೆ ಇನ್ನೊಂದೂರು, ಅಂತ ರಾತ್ರಿಗೊಂದು ನಾಟಕ ಮಾಡಿದವರು. ರಂಗದ ಮಗ್ಗುಲ ಪರದೆಯ, ಅಂದರೆ ವಿಂಗಿನ ಸಂದಿಯಿಂದ ಬರುವ ಮೊದಲ ಶಬ್ದ ಕೇಳಿದರೆ ಸಾಕು, ಉಳಿದ ಸಾಲು ಅಳುತ್ತಲೇ ಹೇಳಬಲ್ಲರು. ಇದನ್ನು ಕಂಡ ಮೇಲೆಯೇ ತಂಡದವರು ಮಾತಿನ ಪಾತ್ರಗಳನ್ನು ನಮ್ಮ ಕಡೆ ಬಿಡತೊಡಗಿದ್ದು.

ಜಾಗದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಾದಾಮಿಯ ಗುಹೆ, ಐಹೊಳೆ, ಪಟ್ಟದಕಲ್ಲು ಬೇಕು ಅಂತ ಬರುವವರು ಪುರಾತತ್ವ ಸರ್ವೇಕ್ಷಣ ಇಲಾಖೆಯ ಲೈಸೆನ್ಸ್ ಮೊದಲೇ ಪಡೆದಿರಬೇಕು; ನಮ್ಮ ಭಾಗಕ್ಕೆ ಧಾರವಾಡದಲ್ಲಿ ಅವರ ಕಚೇರಿ ಇದೆ. ಪಟ್ಟದಕಲ್ಲು 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಅಲ್ಲಿ ಒಂದು ಮೊಳೆ ಹೊಡೆಯುವುದೂ ಅಪರಾಧ, ಅದು ಹಾಗೇ ಇರಬೇಕು. ಬೇಸಿಗೆಯಲ್ಲಿ ಕೆಂಪು ಕಲ್ಲು ಕಾದರೆ ಸಂಜೆ ತನಕ ಆರುವುದಿಲ್ಲ, ಮುದಿ ಕಲಾವಿದರನ್ನು ಮಧ್ಯಾಹ್ನ ನಿಲ್ಲಿಸಬೇಡಿ ಅಂತ ನಾನು ಮೊದಲೇ ಕರಾರು ಹಾಕುತ್ತೇನೆ. ಎಳೆ ಬಿಸಿಲಿನಲ್ಲಿ ಆ ಕಲ್ಲಿಗೆ ಬರುವ ಬಣ್ಣಕ್ಕಾಗಿ ತಂಡದವರೇ ನಸುಕಿನಲ್ಲಿ ಏಳುತ್ತಾರೆ, ಅದು ಇಬ್ಬರಿಗೂ ಒಳ್ಳೆಯದು.

ಇನ್ನು ದುಡ್ಡು. ಇಲ್ಲಿ ಮಾಸ್ತರರು ಗಟ್ಟಿ ನಿಲ್ಲಬೇಕು. ಊರ ನಾಟಕಕ್ಕೆ ಸಂಚಕಾರ, ಅಂದರೆ ಮುಂಗಡ, ಕೊಟ್ಟರೆ ಮಾತು ಮುಗಿಯಿತು, ಕಾಗದ ಬೇಕಿಲ್ಲ. ಶೂಟಿಂಗಿನಲ್ಲಿ ಹಾಗಲ್ಲ. ನಾನು ಒಂದು ಪುಟದ ಕನ್ನಡ ಕರಾರು ಪತ್ರ ಮಾಡಿಟ್ಟಿದ್ದೇನೆ. ಪಾತ್ರ ಯಾವುದು, ಎಷ್ಟು ದಿನದ ಕಾಲ್‌ಶೀಟ್, ದಿನಕ್ಕೆ ಎಷ್ಟು, ಬಾಟಾ (ಕೈಖರ್ಚಿನ ದಿನಭತ್ಯೆ), ಹೋಗಿಬರುವ ಗಾಡಿ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಟೈಟಲ್‌ನಲ್ಲಿ ಹೆಸರು. ಸಂಜೆ ಪ್ಯಾಕಪ್ ಆದ ಕೂಡಲೇ ಕಲಾವಿದರ ಕೈಗೇ ದುಡ್ಡು, ನನ್ನ ಕೈಗಲ್ಲ. ನನ್ನ ತಾಲೀಮಿನ ಸಂಬಳವನ್ನು ತಂಡದವರು ಬೇರೆ ಕೊಡುತ್ತಾರೆ. ಕಲಾವಿದರ ದುಡ್ಡಿನಲ್ಲಿ ಪಾಲು ಮುರಿದುಕೊಳ್ಳುವ ಏಜೆಂಟರು ಈ ಕೆಲಸವನ್ನು ಕೆಡಿಸುತ್ತಾರೆ. ಮಾಸ್ತರರೇ ಏಜೆಂಟರಾದರೆ ಮುಂದಿನ ವರ್ಷ ಯಾರೂ ನಿಮ್ಮ ಹತ್ತಿರ ತಾಲೀಮಿಗೆ ಬರುವುದಿಲ್ಲ.

ಆ ಕರಾರಿಗೆ ಈಗ ಇನ್ನೊಂದು ಸಾಲು ಸೇರಿಸಿದ್ದೇನೆ: ಪಾತ್ರ ಮಾಡಿದವರೇ ದನಿ ಕೊಡಬೇಕು. ಹೇಳಿದೆನಲ್ಲ, ಜೋಳ ಹಸನು ಮಾಡಿದ ಅಕ್ಕಾರು, ಅವರಿಗೆ ಒಂದು ಧಾರಾವಾಹಿಯಲ್ಲಿ ಒಳ್ಳೆಯ ಪಾತ್ರ ಸಿಕ್ಕಿತ್ತು. ಪ್ರಸಾರವಾದ ದಿನ ಓಣಿಯ ಮಂದಿಯೆಲ್ಲ ಅವರ ಮನೆಯಲ್ಲಿ ಸೇರಿದ್ದರು. ಮುಖ ಅವರದು, ದನಿ ಬೇರೆಯವರದು. ಡಬ್ಬಿಂಗಿಗೆ ಬೆಂಗಳೂರಿಗೆ ಕರೆಸುವ ಖರ್ಚು ಉಳಿಸಲು ಅಲ್ಲೇ ಒಬ್ಬರಿಂದ ಮಾಡಿಸಿದ್ದರು, ಅದೂ ನಮ್ಮ ಮಾತನ್ನು ಎಲ್ಲೋ ಕೇಳಿ ಅನುಕರಿಸಿದ ಮಾತು. ಅಕ್ಕಾರು ಯಾರಿಗೂ ಏನೂ ಅನ್ನಲಿಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ. ಆರು ತಿಂಗಳ ಹಸುಗೂಸಿನಂತೆ ಜೋಪಾನ ಮಾಡಿಕೊಂಡು ಬಂದ ದನಿ ಅದು, ಕಲಾವಿದೆಯ ಆಸ್ತಿಯೇ ಅದು.

ದಾರಿ ಬಾಗಲಕೋಟೆಯಲ್ಲೇ ಸಿಕ್ಕಿತು. ಜಾನಪದ ಹಾಡುಗಳು ಯೂಟ್ಯೂಬಿನಲ್ಲಿ ಓಡತೊಡಗಿದ ಮೇಲೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಸಣ್ಣ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋಗಳು ಎದ್ದಿವೆ. ಒಳ್ಳೆಯ ಮೈಕು, ಗೋಡೆಗೆ ಸ್ಪಂಜು, ಕಂಪ್ಯೂಟರ್, ಕೆಲಸ ಬಲ್ಲ ಹುಡುಗರು. ಡಬ್ಬಿಂಗಿಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಎಡಿಟ್ ಆದ ಕಂತು ಬೆಂಗಳೂರಿನಿಂದ ಇಂಟರ್‌ನೆಟ್‌ನಲ್ಲಿ ಬರುತ್ತದೆ. ಕಲಾವಿದೆ ಬಸ್ ಹತ್ತಿ ಬಾಗಲಕೋಟೆಗೆ ಬಂದು, ತನ್ನ ತುಟಿ ತಾನೇ ನೋಡುತ್ತ ದನಿ ಕೊಟ್ಟು ಸಂಜೆಗೆ ಮನೆ ಸೇರುತ್ತಾಳೆ. ಫೈಲ್ ಅದೇ ರಾತ್ರಿ ವಾಪಸು ಹೋಗುತ್ತದೆ. ಖರ್ಚೂ ಬೆಂಗಳೂರಿಗೆ ಕರೆಸಿದ್ದಕ್ಕಿಂತ ಕಡಿಮೆ ಅಂತ ಗೊತ್ತಾದ ಮೇಲೆ ತಂಡದವರ ತಕರಾರೂ ನಿಂತಿತು.

ಗೋಕಾಕ, ವಿಜಯಪುರದ ಮಾಸ್ತರರಿಗೆ ನಾನು ಹೇಳುವುದೂ ಇಷ್ಟೇ: ತಾಲೀಮು ಶುರು ಮಾಡುವ ಮೊದಲು ನಿಮ್ಮೂರಿನ ಹಾಡಿನ ಸ್ಟುಡಿಯೋದವರ ಜೊತೆ ಒಂದು ಮಾತಾಡಿಟ್ಟುಕೊಳ್ಳಿ. ತಂಡಗಳಿಗೆ ಚಳಿಗಾಲವೇ ಬೇಕು, ನಮ್ಮ ಜಾತ್ರೆಗಳಿಗೂ ಅದೇ ಹಂಗಾಮು. ಸಂಚಕಾರ ಹಿಡಿದ ಊರಿಗೆ ಕಲಾವಿದರು ಹೋಗಲೇಬೇಕು. ಹಾಗಾಗಿ ಜಾತ್ರೆಗಳ ತಾರೀಖು ಬರೆದ ಹಾಳೆಯನ್ನು ಮ್ಯಾನೇಜರ್ ಕೈಗೆ ಮೊದಲ ದಿನವೇ ಕೊಡಿ. ಬಾದಾಮಿಯ ಬನಶಂಕರಿ ಜಾತ್ರೆ ನಡೆದಿರುವಾಗ ನನ್ನ ಹತ್ತಿರ ಯಾರೂ ಸಿಗುವುದಿಲ್ಲ, ಅದನ್ನು ಅವರೂ ಈಗ ಲೆಕ್ಕದಲ್ಲಿ ಇಟ್ಟುಕೊಂಡೇ ಶೆಡ್ಯೂಲ್ ಹಾಕುತ್ತಾರೆ.