ಡ್ರೈಯರ್ ಪಿಎಲ್‌ಸಿ: ದಾಳಿಯ ನಂತರ ಪರಿಶೀಲಿಸಿದ ಬಗೆ

ಕುಶಾಲನಗರದ ಕಡೆಯ ಕಾಫಿ ಕ್ಯೂರಿಂಗ್ ಘಟಕ. ಪಿಎಲ್‌ಸಿ (ಯಂತ್ರ ನಡೆಸುವ ನಿಯಂತ್ರಕ) ಹಿಡಿತದಲ್ಲಿ ಡ್ರೈಯರ್ ಓಡುತ್ತಿತ್ತು, ಅದನ್ನು ಕಂಪ್ಯೂಟರ್‌ನಿಂದ ನೋಡಿ ನಿಯಂತ್ರಿಸುವ ಸ್ಕಾಡಾ ಪರದೆ ಮಾತ್ರ ಸತ್ತಿತ್ತು. ಮಳೆಗಾಲದಲ್ಲಿ ಏನು ಕೆಟ್ಟರೂ ಸಿಡಿಲಿನ ತಲೆಗೆ ಕಟ್ಟುವುದು ಇಲ್ಲಿನ ರೂಢಿ. ಹಾಗಾಗಿ ಯುಪಿಎಸ್ ಬಿಚ್ಚಿ ನೋಡಿದ ಮೇಲೆಯೇ ರ‍್ಯಾನ್ಸಮ್‌ವೇರ್ ಎಂದು, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಎಂದು, ಗೊತ್ತಾದದ್ದು.

ಮೊದಲು ಇಂಟರ್ನೆಟ್ ಕೇಬಲ್ ಕಿತ್ತೆವು. ಕಂಪ್ಯೂಟರ್ ಆಫ್ ಮಾಡಲಿಲ್ಲ, ಮಾಡಿದರೆ ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ದೇಶದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನದಂತೆ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಅದನ್ನು ಆಗಲೇ ಮುಗಿಸಿದೆವು.

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಕೈತೊಳೆದುಕೊಳ್ಳುವುದೇ ದೊಡ್ಡ ತಪ್ಪು. ಸ್ಕಾಡಾ ಪಿಎಲ್‌ಸಿಯೊಂದಿಗೆ ಮಾತಾಡುವ ಭಾಷೆ ಮಾಡ್‌ಬಸ್ ಟಿಸಿಪಿ (ನೆಟ್‌ವರ್ಕ್‌ನಲ್ಲಿ ಪೋರ್ಟ್ 502) ಪಾಸ್‌ವರ್ಡ್ ಕೇಳುವುದೇ ಇಲ್ಲ. ಒಳಗೆ ಬಂದವರು ಯಾರು ಬೇಕಾದರೂ ಪಿಎಲ್‌ಸಿಯ ರಿಜಿಸ್ಟರ್, ಅಂದರೆ ಅದರೊಳಗಿನ ಮೌಲ್ಯಗಳನ್ನು, ತಿದ್ದಬಹುದು. ಆದ್ದರಿಂದ ಸೋಂಕಿಲ್ಲದ ಲ್ಯಾಪ್‌ಟಾಪ್‌ಗೆ ಪಿಎಲ್‌ಸಿಯ ಪ್ರೋಗ್ರಾಂ ಎಳೆದುಕೊಂಡು, ಅಳವಡಿಕೆ ಸಮಯದ ಪ್ರತಿಯೊಂದಿಗೆ ಬ್ಲಾಕ್ ಬ್ಲಾಕ್ ಹೋಲಿಸಿದೆವು. ಆ ಪ್ರತಿ ಪ್ಯಾನೆಲ್ ಒಳಗಿನ ಪೆನ್‌ಡ್ರೈವ್‌ನಲ್ಲಿ ಉಳಿದದ್ದು ನಮ್ಮ ಪುಣ್ಯ. ಉಳಿದ ಬ್ಯಾಕಪ್‌ಗಳೆಲ್ಲ ಲಾಕ್ ಆದ ಡಿಸ್ಕ್‌ನಲ್ಲೇ ಇದ್ದವು! ಲಾಜಿಕ್ ಸರಿಯಿತ್ತು, ಬಿಸಿಗಾಳಿಯ ಗರಿಷ್ಠ ಉಷ್ಣತೆಯ ಅಲಾರಂ ಮಿತಿ ಬದಲಾಗಿತ್ತು. ಪ್ರೋಗ್ರಾಂ ಮಾತ್ರವಲ್ಲ, ಇಂಥ ನಿಗದಿ ಮೌಲ್ಯಗಳನ್ನೂ (ಸೆಟ್‌ಪಾಯಿಂಟ್) ಹೋಲಿಸಬೇಕು ಎನ್ನುವುದು ಇದಕ್ಕೇ.

ನೆಟ್‌ವರ್ಕ್ ನೋಡಲು ಸ್ಕ್ಯಾನರ್ ಓಡಿಸಬೇಡಿ, ಹಳೆಯ ಪಿಎಲ್‌ಸಿ ಅದಕ್ಕೇ ಹ್ಯಾಂಗ್ ಆಗುವುದುಂಟು. ನೆಟ್‌ವರ್ಕ್ ಸ್ವಿಚ್‌ನ ಮಿರರ್ ಪೋರ್ಟ್‌ನಲ್ಲಿ (ಸಂಚಾರದ ನಕಲು ಬರುವ ಕಿಂಡಿ) ವೈರ್‌ಶಾರ್ಕ್ ಎಂಬ ಸಂಚಾರ ನೋಡುವ ತಂತ್ರಾಂಶ ಇಟ್ಟು ಸುಮ್ಮನೆ ಕೇಳಿಸಿಕೊಳ್ಳಿ.

ಈಗ 502ಕ್ಕೆ ಸ್ಕಾಡಾದ ಐಪಿ ಒಂದಕ್ಕೇ ಅನುಮತಿ. ದೂರದಿಂದ ಸರ್ವಿಸ್ ಮಾಡುವ ಮೋಡೆಮ್‌ಗೆ ಬೇರೆ ಸ್ವಿಚ್, ಬೇಕಾದಾಗಷ್ಟೇ ಆನ್. ದೂರದಿಂದ ಪ್ರೋಗ್ರಾಂ ಬದಲಿಸದಂತೆ ಪಿಎಲ್‌ಸಿಯ ಕೀಲಿ ರನ್‌ನಲ್ಲಿಟ್ಟು ತೆಗೆದಿದ್ದೇವೆ. ಸೌದಿಯ ಪೆಟ್ರೋಕೆಮಿಕಲ್ ಕಾರ್ಖಾನೆಯ ಮೇಲಾದ 2017ರ ಟ್ರೈಟನ್ ದಾಳಿಯಲ್ಲಿ ಸುರಕ್ಷತಾ ನಿಯಂತ್ರಕದ ಕೀಲಿ ಪ್ರೋಗ್ರಾಂ ಸ್ಥಾನದಲ್ಲೇ ಉಳಿದಿತ್ತು. ಬರ್ನರ್‌ಗೆ ಪಿಎಲ್‌ಸಿಯ ಹಂಗಿಲ್ಲದ ಥರ್ಮೋಸ್ಟಾಟನ್ನೂ ನೇರ ವೈರಿಂಗ್‌ನಲ್ಲಿ ಕೂರಿಸಿ, ಬಿಸಿ ಮಾಡಿ ಟ್ರಿಪ್ ಆಗುತ್ತದೆಯೇ ಎಂದು ನೋಡಿಯೇ ಡ್ರೈಯರ್ ಬಿಟ್ಟೆವು.